ರುಮಟಾಯ್ಡ್ ಆರ್ಥ್ರೈಟಿಸ್: ಕೈಬೆರಳು, ಮಣಿಕಟ್ಟಿನ ವ್ಯಾಯಾಮ ಎಷ್ಟು, ಯಾವಾಗ, ಹೇಗೆ?

ಹೊಂಗೆಮರ (ಪ್ರಶ್ನೆ)

ಮನೆಯವರೊಬ್ಬರಿಗಾಗಿ ಕೇಳುತ್ತಿದ್ದೇನೆ. ವಯಸ್ಸು 48, ಆರ್‌ಎ (ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳಲ್ಲಿ ಬಾವು ತರುವ ಕಾಯಿಲೆ) ಎಂದು ಗೊತ್ತಾಗಿ 3 ವರ್ಷ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿ.ಗ್ರಾಂ, ಜೊತೆಗೆ ಫೋಲಿಕ್ ಆಸಿಡ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್. 5 ತಿಂಗಳಿಂದ ಔಷಧ ಬದಲಾಗಿಲ್ಲ, ಕಾಯಿಲೆ ಹತೋಟಿಯಲ್ಲಿದೆ. ಬೆಳಗಿನ ಬಿಗಿತ 20 ನಿಮಿಷದೊಳಗೆ ಬಿಡುತ್ತದೆ.

ಬಲಗೈಯ ತೋರುಬೆರಳು, ನಡುಬೆರಳಿನ ಬುಡದ ಗೆಣ್ಣುಗಳು ದಪ್ಪಗಿವೆ. ಬೆರಳುಗಳು ಕಿರುಬೆರಳಿನ ಕಡೆಗೆ ತುಸು ವಾಲಿವೆ. ನೋವಿಗಿಂತ ಹೆಚ್ಚಾಗಿ ಕಾಡುತ್ತಿರುವುದು ಕೈಯಲ್ಲಿ ಕಸುವಿಲ್ಲದಿರುವುದು. ಕುಕ್ಕರ್ ಮುಚ್ಚಳ, ಉಪ್ಪಿನಕಾಯಿ ಬಾಟಲಿ, ಒದ್ದೆ ಬಟ್ಟೆ ಯಾವುದೂ ಹಿಡಿತಕ್ಕೆ ಸಿಗುತ್ತಿಲ್ಲ.

ರಬ್ಬರ್ ಚೆಂಡನ್ನು ದಿನಕ್ಕೆ 100 ಸಲ ಒತ್ತಿ ಎಂದು ಯಾರೋ ಹೇಳಿದ್ದರಿಂದ ಎರಡು ವಾರ ಮಾಡಿದರು. ರಾತ್ರಿ ಗೆಣ್ಣು ಬಿಸಿಯಾಗುತ್ತದೆ, ಮರುದಿನ ಬಿಗಿತ ಜಾಸ್ತಿ. ಚೆಂಡು ಸರಿಯೇ? ವ್ಯಾಯಾಮದಲ್ಲಿ ಎಷ್ಟು ನೋವು ಬಂದರೆ ಮುಂದುವರಿಸಬಹುದು, ಎಲ್ಲಿ ನಿಲ್ಲಿಸಬೇಕು? ನಡೆದರೆ ಅಂಗಾಲಿನ ಮುಂಭಾಗ ಉರಿಯುತ್ತದೆ, ಆದರೂ ನಡೆಯಬೇಕೇ? ಸೂರ್ಯನಮಸ್ಕಾರ ಶುರು ಮಾಡುವ ಆಸೆಯೂ ಇದೆ. ದಯವಿಟ್ಟು ಲೆಕ್ಕ, ಕ್ರಮ ಸಮೇತ ತಿಳಿಸಿ.

---

ಕೀಲೆಣ್ಣೆ

ಮೊದಲು ಚೆಂಡು. ಅದನ್ನು ಇವತ್ತೇ ಎತ್ತಿಡಿ. ಮುಷ್ಟಿ ಬಿಗಿದಾಗ ಬೆರಳು ಮಡಚುವ ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಗಳು) ಬುಡದ ಗೆಣ್ಣನ್ನು ಅಂಗೈ ಕಡೆಗೂ ಕಿರುಬೆರಳಿನ ಕಡೆಗೂ ಎಳೆಯುತ್ತವೆ. ಆರೋಗ್ಯವಾಗಿರುವ ಗೆಣ್ಣಿನಲ್ಲಿ ಪಕ್ಕದ ಲಿಗಮೆಂಟುಗಳು (ಮೂಳೆಗೆ ಮೂಳೆ ಬಿಗಿಯುವ ಪಟ್ಟಿಗಳು) ಆ ಎಳೆತವನ್ನು ತಡೆದುಕೊಳ್ಳುತ್ತವೆ. ಬಾವು ಬಂದು ಬಂದು ಹೋದ ಗೆಣ್ಣಿನಲ್ಲಿ ಅವು ಸಡಿಲಾಗಿರುತ್ತವೆ, ಹಾಗಾಗಿ ಒತ್ತಿದಷ್ಟೂ ಬೆರಳು ವಾಲುತ್ತದೆ. ಗಟ್ಟಿ ಚೆಂಡು, ಅದೂ 100 ಸಲ, ಈಗಾಗಲೇ ವಾಲಿರುವ ಕೈಗೆ ಖಂಡಿತ ತಪ್ಪು. ರಾತ್ರಿ ಗೆಣ್ಣು ಬಿಸಿಯಾಗುವುದು ಕೈ ಕೊಡುತ್ತಿರುವ ದೂರು, ಅದನ್ನು ಕೇಳಿ.

ಹಾಗೆಂದು ಕೈಗೆ ಪೂರಾ ವಿಶ್ರಾಂತಿ ಕೊಡುವುದೂ ತಪ್ಪೇ. ಕಾಯಿಲೆ ತಾನೇ ಸ್ನಾಯು ಕರಗಿಸುತ್ತದೆ, ಸುಮ್ಮನೆ ಕೂತರೆ ಇನ್ನಷ್ಟು ಕರಗುತ್ತದೆ. ಆರ್‌ಎ ಕೈಗಳಿಗೆಂದೇ ಬ್ರಿಟನ್ನಿನ 17 ಕೇಂದ್ರಗಳಲ್ಲಿ 490 ಜನರ ಮೇಲೆ ‘ಸಾರಾ’ ಎಂಬ ಪರೀಕ್ಷೆ ನಡೆದಿದೆ, ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದೆ. ಔಷಧ ಕನಿಷ್ಠ 3 ತಿಂಗಳಿಂದ ಬದಲಾಗದವರನ್ನೇ ಅದಕ್ಕೆ ತೆಗೆದುಕೊಂಡಿದ್ದರು. ಚಲನೆಯ 7, ಬಲದ 4 ವ್ಯಾಯಾಮ, 12 ವಾರದ ಕ್ರಮ. ವರ್ಷದ ಕೊನೆಗೆ ನೋಡಿದಾಗ, ಮಾಮೂಲಿ ಸಲಹೆ ಮಾತ್ರ ಪಡೆದವರಿಗಿಂತ ವ್ಯಾಯಾಮ ಮಾಡಿದವರ ಕೈ ಹೆಚ್ಚು ಕೆಲಸಕ್ಕೆ ಬರುತ್ತಿತ್ತು, ನೋವೂ ಹೆಚ್ಚಾಗಿರಲಿಲ್ಲ. 5 ತಿಂಗಳಿಂದ ಔಷಧ ಸ್ಥಿರವಾಗಿದೆ ಎಂದಿದ್ದೀರಿ, ಅಂದರೆ ಶುರು ಮಾಡಲು ಇದು ಸರಿಯಾದ ಹೊತ್ತು.

ಬೆಳಗ್ಗೆ ಎದ್ದ ಕೂಡಲೇ ಬೇಡ. ಸ್ನಾನ, ತಿಂಡಿ ಮುಗಿದು ಬಿಗಿತ ಬಿಟ್ಟ ಮೇಲೆ ಮಾಡಿ. ಒಂದು ಬೋಗುಣಿಯಲ್ಲಿ ಹಿತವಾಗುವಷ್ಟು ಬೆಚ್ಚಗಿನ ನೀರಿಟ್ಟು ಎರಡೂ ಕೈ 10 ನಿಮಿಷ ಮುಳುಗಿಸಿ. ಗೆಣ್ಣು ಮುಟ್ಟಿದರೇ ಬಿಸಿ ಅನ್ನಿಸುವ ದಿನ ಮಾತ್ರ ಬಿಸಿನೀರು ಬಿಡಿ, ತಣ್ಣೀರ ಬಟ್ಟೆ ಸುತ್ತಿ.

ಚಲನೆ ದಿನಾ ಆಗಲಿ. ಪ್ರತಿಯೊಂದನ್ನೂ 5 ಸಲದಿಂದ ಶುರು ಮಾಡಿ 10ಕ್ಕೆ ಏರಿಸಿ, ಕೊನೆಯ ಭಂಗಿಯಲ್ಲಿ 5 ಎಣಿಸುವವರೆಗೆ ನಿಲ್ಲಿ.

ಬೆರಳು ನೆಟ್ಟಗಿಟ್ಟು ಬುಡದ ಗೆಣ್ಣನ್ನಷ್ಟೇ ಮಡಚಿ, ಕೈ ಮನೆಯ ಇಳಿಮಾಡಿನಂತೆ ಕಾಣಬೇಕು. ಆಮೇಲೆ ನೆಟ್ಟಗಿನ ಬೆರಳಿನಿಂದ ಕೊಕ್ಕೆ, ಕೊಕ್ಕೆಯಿಂದ ಮತ್ತೆ ನೆಟ್ಟಗೆ, ಕೊನೆಗೆ ಸಡಿಲ ಮುಷ್ಟಿ. ಮೂರನೆಯದು ಬೆರಳು ನಡೆಸುವುದು, ನಿಮ್ಮ ಪ್ರಶ್ನೆಗೆ ಇದೇ ಮುಖ್ಯ. ಅಂಗೈಯನ್ನು ಮೇಜಿನ ಮೇಲೆ ಬೋರಲು ಇಡಿ. ತೋರುಬೆರಳನ್ನು ಸ್ವಲ್ಪ ಎತ್ತಿ ಹೆಬ್ಬೆರಳ ಕಡೆಗೆ ಸರಿಸಿ ಇಳಿಸಿ. ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು, ಒಂದೊಂದಾಗಿ ಅದೇ ದಿಕ್ಕಿಗೆ. ಮಣಿಕಟ್ಟು ಅಲುಗಬಾರದು. ಮಣಿಕಟ್ಟು ತಿರುಗಿಸಿ ಬೆರಳು ಸರಿದಂತೆ ತೋರಿಸುವುದು ಎಲ್ಲರೂ ಮಾಡುವ ತಪ್ಪು, ಅದರಿಂದ ಏನೂ ಉಪಯೋಗವಿಲ್ಲ. ಹಿಂದಕ್ಕೆ ಬರುವಾಗ ಬೆರಳನ್ನು ಎಳೆಯದೆ ಇಡೀ ಕೈಯೆತ್ತಿ ಹೊಸದಾಗಿ ಇಡಿ. ಇಲ್ಲದಿದ್ದರೆ ಬೇಡವಾದ ದಿಕ್ಕಿಗೂ ಅಷ್ಟೇ ವ್ಯಾಯಾಮ ಆಗುತ್ತದೆ.

ಜೊತೆಗೆ ಬೆರಳು ಅಗಲಿಸುವುದು, ಮಣಿಕಟ್ಟು ನಿಧಾನ ಸುತ್ತುವುದು. ಜಡೆ ಹೆಣೆಯುವಾಗ ಹೋಗುವಂತೆ ಕೈ ತಲೆಯ ಹಿಂದಕ್ಕೆ, ಸೆರಗು ಸಿಕ್ಕಿಸುವಾಗ ಹೋಗುವಂತೆ ಸೊಂಟದ ಹಿಂದಕ್ಕೆ. ಇವೆರಡು ಭುಜ, ಮೊಣಕೈಗಾಗಿ. ಕೈಬೆರಳ ಗಲಾಟೆಯಲ್ಲಿ ಭುಜ ಸದ್ದಿಲ್ಲದೆ ಬಿಗಿಯುತ್ತಾ ಹೋಗುತ್ತದೆ, ಬಾಚಣಿಗೆ ತಲೆಗೆ ಮುಟ್ಟದಾದಾಗಲೇ ಗಮನಕ್ಕೆ ಬರುವುದು.

ಬಲಕ್ಕೆ ಮೊದಲು ಮಣಿಕಟ್ಟು. ಒಂದು ಪರೀಕ್ಷೆ ಮಾಡಿ ನೋಡಿ: ಮಣಿಕಟ್ಟನ್ನು ಕೆಳಗೆ ಬಾಗಿಸಿ ಮುಷ್ಟಿ ಹಿಡಿಯಿರಿ, ಬಲವೇ ಸಿಗದು. ತುಸು ಮೇಲೆತ್ತಿ ಹಿಡಿಯಿರಿ, ಮುಷ್ಟಿ ತಾನಾಗಿ ಬಿಗಿಯುತ್ತದೆ. ಮಣಿಕಟ್ಟು ಎತ್ತುವ ಸ್ನಾಯು ಸೋತರೆ ಬೆರಳಿಗೆ ಎಷ್ಟು ಚೆಂಡು ಕೊಟ್ಟರೂ ಹಿಡಿತ ಬಾರದು. ಉದ್ದನೆಯ ಕಾಲುಚೀಲದಲ್ಲಿ 200 ಗ್ರಾಂ ಅಕ್ಕಿ ಹಾಕಿ ಬಾಯಿ ಕಟ್ಟಿ. ಮುಂಗೈ ಮೇಜಿನ ಮೇಲೆ, ಹಸ್ತ ಅಂಚಿನಾಚೆ, ಅಂಗೈ ಕೆಳಮುಖ. ಚೀಲವನ್ನು ಕೈಬೆನ್ನಿನ ಮೇಲೆ ಅಡ್ಡ ಹಾಕಿ. ಇನ್ನೊಂದು ಕೈಯಿಂದ ಹಸ್ತವನ್ನು ಮೇಲೆತ್ತಿ ಬಿಡಿ, 5 ಎಣಿಸುತ್ತಾ ನಿಧಾನಕ್ಕೆ ಇಳಿಸಿ. ಇಳಿಸುವುದೇ ಇಲ್ಲಿ ವ್ಯಾಯಾಮ. ಡಂಬೆಲ್, ನೀರಿನ ಬಾಟಲಿ ಹಿಡಿದರೆ ಬೆರಳು ಬಿಗಿಯಲೇಬೇಕಾಗುತ್ತದೆ, ಅದನ್ನು ತಪ್ಪಿಸುವುದಕ್ಕೇ ಅಕ್ಕಿಯ ಚೀಲ.

ದಿನ ಬಿಟ್ಟು ದಿನ 8ರಿಂದ 10 ಸಲ. 0 ಅಂದರೆ ಏನೂ ಶ್ರಮವಿಲ್ಲ, 10 ಅಂದರೆ ಇನ್ನಾಗದು ಎಂದಿಟ್ಟುಕೊಂಡರೆ ಶುರುವಿನ ಶ್ರಮ 3–4 ಇರಲಿ, ಕೆಲವು ವಾರ ಕಳೆದ ಮೇಲೆ 5–6. ಏರಿಸುವಾಗ ಒಂದೇ ಏರಿಸಿ, ತೂಕ ಇಲ್ಲವೇ ಎಣಿಕೆ. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದರಿಂದ ನೋವು ಬಂತೆಂದು ತಿಳಿಯದು. ಹಿಡಿತದ ವ್ಯಾಯಾಮ ಮೊದಲ 6 ವಾರ ಬೇಡವೇ ಬೇಡ.

ನೋವಿನ ಲೆಕ್ಕ ಹೀಗೆ. ಮಾಡುವಾಗ ಸ್ನಾಯು ದಣಿದ ನೋವು, ಎಳೆತ ಬರಬಹುದು, ಅದಕ್ಕೆ ಹೆದರಬೇಡಿ. ಮುಗಿಸಿ 2 ಗಂಟೆ ಕಳೆದ ಮೇಲೂ ಕೀಲಿನ ನೋವು ಮೊದಲಿಗಿಂತ ಹೆಚ್ಚಿದ್ದರೆ, ಅಥವಾ ಮರುದಿನ ಬಿಗಿತ ಇಲ್ಲವೇ ಊತ ಹೆಚ್ಚಾದರೆ, ಮುಂದಿನ ಸಲ ಎಣಿಕೆ ಅರ್ಧಕ್ಕೆ ಇಳಿಸಿ. ಬಿಟ್ಟುಬಿಡಬೇಡಿ. ಚುಚ್ಚಿದಂಥ ತೀಕ್ಷ್ಣ ನೋವು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

---

ತಾಳೆಗರಿ

ಮೇಲಿನ ಉತ್ತರದ ಒಂದು ಮಾತಿಗೆ ತಿದ್ದುಪಡಿ ಬೇಕು. ಸಾರಾ ಪರೀಕ್ಷೆಯ ಬಲದ 4 ವ್ಯಾಯಾಮಗಳಲ್ಲಿ ಮುಷ್ಟಿ ಹಿಡಿತವೂ ಒಂದು. ಉಳಿದ ಮೂರು ಮಣಿಕಟ್ಟು ಎತ್ತುವುದು, ಬೆರಳು ಕೂಡಿಸಿ ಒತ್ತುವುದು, ಚಿವುಟು ಹಿಡಿತ. ಹಿಡಿತದಿಂದ 6 ವಾರ ದೂರವಿಡಬೇಕಿಲ್ಲ. ತಪ್ಪು ಇರುವುದು ಚೆಂಡಿನ ಗಟ್ಟಿತನದಲ್ಲಿ, 100ರ ಎಣಿಕೆಯಲ್ಲಿ. ಚೆಂಡು ತಿರುಗಿ ಒತ್ತುತ್ತದೆ. ಮೆತ್ತನೆಯ ಮುದ್ದೆ ಒತ್ತಿದಂತೆ ಜಾಗ ಬಿಡುತ್ತದೆ.

ಥೆರಪಿ ಪುಟ್ಟಿ (ಕೈ ವ್ಯಾಯಾಮಕ್ಕೆಂದೇ ಇರುವ ಮೆತ್ತನೆಯ ಮುದ್ದೆ) ಸಿಕ್ಕರೆ ತೀರಾ ಮೃದುವಾದದ್ದನ್ನು ತನ್ನಿ. ಸಿಗದಿದ್ದರೆ ಚಪಾತಿ ಕಣಕವೇ ಸಾಕು: ನಿಂಬೆಗಿಂತ ದೊಡ್ಡ ಉಂಡೆ, ಪೂರಿಗಲ್ಲ, ಚಪಾತಿಗಿಂತಲೂ ತುಸು ಮೆದು. ವಾರ ಕಳೆದಂತೆ ನೀರು ಕಡಿಮೆ ಮಾಡಿ ಗಟ್ಟಿ ಮಾಡುತ್ತಾ ಹೋಗಬಹುದು. ಉಂಡೆಯನ್ನು ಉದ್ದ ಹೊಸೆದು ಬೆರಳುಗಳ ಬುಡಕ್ಕೆ ಸಮವಾಗಿ ಅಡ್ಡ ಇಡಿ. ಓರೆ ಇಟ್ಟರೆ ಬೆರಳೂ ಓರೆಯಾಗಿ ಎಳೆಯುತ್ತದೆ. ನಿಧಾನ ಒತ್ತಿ, 5 ಎಣಿಸಿ, ಬಿಡಿ. 8 ಸಲ ಸಾಕು. ಬೆರಳುಗಳು ವಾಲುವುದು ಕಣ್ಣಿಗೇ ಕಂಡರೆ ಒತ್ತುವುದು ಹೆಚ್ಚಾಯಿತು ಎಂದರ್ಥ.

ಬೆರಳು ಕೂಡಿಸುವುದಕ್ಕೆ ಕಣಕದ ಸಣ್ಣ ಉರುಳೆಯನ್ನು ಎರಡು ಬೆರಳ ನಡುವೆ ಇಟ್ಟು, ಬೆರಳು ನೆಟ್ಟಗಿಟ್ಟುಕೊಂಡೇ ಒತ್ತಿ.

ಚಿವುಟು ಹಿಡಿತದಲ್ಲಿ ಹೆಬ್ಬೆರಳ ತುದಿ ನೋಡುತ್ತಿರಿ. ಹೆಬ್ಬೆರಳು, ತೋರುಬೆರಳು ಸೇರಿ ದುಂಡನೆಯ ಸೊನ್ನೆ ಆಗಬೇಕು. ಹೆಬ್ಬೆರಳ ತುದಿಯ ಗೆಣ್ಣು ಹಿಂದಕ್ಕೆ ಮುರಿದುಕೊಂಡು ಸೊನ್ನೆ ಚಪ್ಪಟೆಯಾದರೆ ಬಲ ಕೀಲಿನ ಮೇಲೆ ಬೀಳುತ್ತಿದೆ, ಸ್ನಾಯು ಕೆಲಸ ಮಾಡುತ್ತಿಲ್ಲ. ಒತ್ತುವುದನ್ನು ಕಡಿಮೆ ಮಾಡಿ. ನಡುಗೆಣ್ಣು ಹಿಂದಕ್ಕೆ ಬಾಗುವ ಬೆರಳಿದ್ದರೆ, ಅಂದರೆ ಹಂಸದ ಕತ್ತಿನಂತೆ ಕಾಣುವ ಬೆರಳು, ಅದನ್ನು ನೆಟ್ಟಗಾಗುವವರೆಗೆ ಮಾತ್ರ ಚಾಚಿ, ಅದಕ್ಕಿಂತ ಆಚೆಗೆ ಬೇಡ. ಅಂಥ ಬೆರಳಿಗೆ ಉಂಗುರದಂಥ ಸ್ಪ್ಲಿಂಟ್ (ಕೀಲಿಗೆ ಕೊಡುವ ಆಸರೆ ಪಟ್ಟಿ) ಹಾಕಿಕೊಂಡೇ ವ್ಯಾಯಾಮ ಮಾಡಬಹುದು.

---

ಕೀಲೆಣ್ಣೆ

ಒಪ್ಪಿದೆ. 6 ವಾರ ಎಂದಿದ್ದು ಅತಿಯಾಯಿತು. ಈಗ ಚೆಂಡಿನಿಂದ ಕೆರಳಿರುವ ಗೆಣ್ಣು ತಣಿಯಲು ಒಂದು ವಾರ ಬಿಟ್ಟು ಕಣಕದಿಂದ ಶುರು ಮಾಡಲಿ.

---

ಅಡುಗೆಮನೆ ಥೆರಪಿಸ್ಟ್

ದಿನಕ್ಕೆ 20 ನಿಮಿಷ ಹುಷಾರಾಗಿ ವ್ಯಾಯಾಮ ಮಾಡಿ, ಉಳಿದ ಹೊತ್ತೆಲ್ಲ ಅದೇ ಗೆಣ್ಣುಗಳನ್ನು ವಾಲಿಸುವ ಕೆಲಸ ಮಾಡಿದರೆ ಕೈ ಸುಧಾರಿಸುವುದಿಲ್ಲ. ನೀವು ಹೇಳಿದ ವಸ್ತುಗಳನ್ನೇ ತೆಗೆದುಕೊಳ್ಳುತ್ತೇನೆ.

ಬಾಟಲಿ ಮುಚ್ಚಳ: ಬಲಗೈಯಿಂದ ತೆರೆಯುವಾಗ ಮುಚ್ಚಳ ಬೆರಳುಗಳನ್ನು ಕಿರುಬೆರಳಿನ ಕಡೆಗೆ ತಳ್ಳುತ್ತದೆ. ಎಡಗೈಯಿಂದ ತೆರೆದರೆ ತಳ್ಳುವುದು ಹೆಬ್ಬೆರಳ ಕಡೆಗೆ. ಆದ್ದರಿಂದ ತೆರೆಯಲು ಎಡಗೈ, ಮುಚ್ಚಲು ಬಲಗೈ. ಬೆರಳ ತುದಿಯಲ್ಲಿ ಹಿಡಿಯದೆ, ಒದ್ದೆ ಬಟ್ಟೆ ಹಾಕಿ ಅಂಗೈಯಿಂದ ಒತ್ತಿ, ಮೊಣಕೈ, ಭುಜದಿಂದ ತಿರುಗಿಸಿ.

ಬಟ್ಟೆ ಹಿಂಡುವುದನ್ನು ಬಿಡಲೇಬೇಕು. ನಲ್ಲಿಗೆ ಸುತ್ತು ಹಾಕಿ ಎರಡು ತುದಿಯನ್ನೂ ಮುಂಗೈಗೆ ಸುತ್ತಿಕೊಂಡು ಮೈಭಾರದಿಂದ ಎಳೆಯಿರಿ, ಇಲ್ಲವೇ ನೀರು ತಾನೇ ಸೋರಲು ಬಿಡಿ.

ನಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇಕ್ಕಳ. 2 ಕಿಲೋ ಸಾರಿನ ಪಾತ್ರೆಯನ್ನು ಒಂದು ಕೈಯ ಇಕ್ಕಳದಲ್ಲಿ ಎತ್ತಿದರೆ ಭಾರವೆಲ್ಲ ಕೈಯಿಂದಾಚೆ ತೂಗುತ್ತದೆ, ಅದು ಜಾರದಂತೆ ಬೆರಳು ಪ್ರಾಣಬಿಟ್ಟು ಬಿಗಿಯಬೇಕು, ಮಣಿಕಟ್ಟು ಕೆಳಗೆ ಬಾಗುತ್ತದೆ. ಎರಡು ಕಿವಿಯ ಪಾತ್ರೆ ಬಳಸಿ, ದಪ್ಪ ಬಟ್ಟೆ ಹಿಡಿದು ಎರಡೂ ಅಂಗೈಗಳಿಂದ ಎತ್ತಿ. ಅದಕ್ಕಿಂತ ಒಳ್ಳೆಯದು ಪಾತ್ರೆ ಎತ್ತದೆ ಸೌಟಿನಿಂದ ಬಗ್ಗಿಸಿಕೊಳ್ಳುವುದು, ಕಟ್ಟೆಯ ಮೇಲೆ ಜರುಗಿಸುವುದು.

ಸೌಟು, ಚಾಕು, ಮುದ್ದೆ ಕೋಲು ಇವುಗಳ ಹಿಡಿಗೆ ಬಟ್ಟೆ ಅಥವಾ ಫೋಮ್ ಸುತ್ತಿ 3ರಿಂದ 4 ಸೆಂ.ಮೀ. ದಪ್ಪ ಮಾಡಿ. ಹಿಡಿ ದಪ್ಪವಾದಷ್ಟೂ ಬೆರಳು ಬಿಗಿಯುವುದು ಕಡಿಮೆ. ಆದರೆ ನಾಲ್ಕು ಜನರ ಮುದ್ದೆ ತಿರುವುವುದು, ಈಳಿಗೆಯಲ್ಲಿ ಕಾಯಿ ತುರಿಯುವುದು ಈ ಕೈಯ ಕೆಲಸಗಳಲ್ಲ, ಮನೆಯ ಬೇರೆಯವರು ವಹಿಸಿಕೊಳ್ಳಬೇಕು. ಕಾಯಿಯನ್ನು ಚೂರು ಮಾಡಿಸಿ ಮಿಕ್ಸಿಗೆ ಹಾಕಿದರೆ ಚಟ್ನಿಗೂ ಪಲ್ಯಕ್ಕೂ ಆಗುತ್ತದೆ. ತರಕಾರಿ ಚೀಲ ಬೆರಳಿಗೆ ನೇತುಹಾಕಬೇಡಿ, ಮುಂಗೈಗೆ ಅಥವಾ ಹೆಗಲಿಗೆ ಹಾಕಿಸಿ.

---

ಅಂಗಾಲು

ನಡಿಗೆ ಮತ್ತು ಆಸನದ ಪ್ರಶ್ನೆಗೆ.

ನಡಿಗೆಯ ಗುರಿ ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗ. ಒಂದೇ ಸಲ 30 ನಿಮಿಷ ಆಗಬೇಕಿಲ್ಲ, 10 ನಿಮಿಷದ ಮೂರು ಕಂತಾದರೂ ಸರಿ. ಇದು ಕೀಲಿಗಿಂತ ಹೃದಯಕ್ಕಾಗಿ: ಆರ್‌ಎ ಇರುವವರಲ್ಲಿ ಹೃದ್ರೋಗದ ಅಪಾಯ ಸುಮಾರು ಒಂದೂವರೆ ಪಟ್ಟು. ಆದರೆ ಅಂಗಾಲಿನ ಮುಂಭಾಗ ಉರಿಯುವಾಗ ನಡಿಗೆಯನ್ನೇ ಹಿಡಿದು ಕೂರಬೇಡಿ. ಅಲ್ಲಿ ಕಾಲ್ಬೆರಳ ಬುಡದ ಗೆಣ್ಣುಗಳು ಬಾತಿರುತ್ತವೆ, ಪ್ರತಿ ಹೆಜ್ಜೆಯೂ ಅದರ ಮೇಲೇ ಬೀಳುತ್ತದೆ. ಉರಿ ಇಳಿಯುವವರೆಗೆ ಕೂತು ತುಳಿಯುವ ಸೈಕಲ್ ಅಥವಾ ಎದೆಮಟ್ಟದ ನೀರಿನಲ್ಲಿ ನಡಿಗೆ.

ಹವಾಯಿ ಚಪ್ಪಲಿ, ಉಂಗುಷ್ಠದ ಚಪ್ಪಲಿ ಎರಡೂ ಬೇಡ, ಅವು ಜಾರದಂತೆ ಕಾಲ್ಬೆರಳು ಇಡೀ ದಿನ ಕಚ್ಚಿ ಹಿಡಿಯಬೇಕಾಗುತ್ತದೆ. ಎಂಸಿಆರ್ (ಮೆತ್ತನೆಯ ಮೈಕ್ರೊಸೆಲ್ಯುಲರ್ ರಬ್ಬರ್) ತಳದ, ಮುಂದೆ ಅಗಲವಾದ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಳ್ಳಿ, ಮನೆಯೊಳಗೂ ಹಾಕಲಿ. ಒಳಗೆ ಮೆತ್ತೆ ಅಂಟಿಸಿದರೆ ನೋಯುವ ಗೆಣ್ಣಿನ ಅಡಿಗೆ ಇಡಬಾರದು, ಅದಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ ಇಡಬೇಕು. ನೋಯುವ ಜಾಗಕ್ಕೇ ಮೆತ್ತೆ ಇಟ್ಟು ನೋವು ಹೆಚ್ಚಿಸಿಕೊಂಡವರೇ ಹೆಚ್ಚು.

ಕಾಲಿಗೆ ಬಲ ಬೇಕಾದರೆ ಕುರ್ಚಿಯಿಂದ ಏಳುವುದು, ಕೂರುವುದು. ಕೈ ಊರಬಾರದು, ಮಣಿಕಟ್ಟಿಗೆ ಭಾರ ಬೀಳುತ್ತದೆ. ಏಳಲಾಗದಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿ. 8 ಸಲದಿಂದ ಶುರು, ವಾರಕ್ಕೆ 2–3 ದಿನ.

ಜೋರು ವ್ಯಾಯಾಮದಿಂದ ಕೀಲು ಸವೆಯುತ್ತದೆ ಎಂಬ ಹೆದರಿಕೆಗೆ ಉತ್ತರ ನೆದರ್‌ಲೆಂಡ್ಸ್‌ನಿಂದ ಬಂದಿದೆ. ಸುಮಾರು 300 ಆರ್‌ಎ ರೋಗಿಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ವಾರಕ್ಕೆರಡು ಸಲ, ಒಂದೂಕಾಲು ಗಂಟೆಯಂತೆ 2 ವರ್ಷ ಬಿರುಸಿನ ವ್ಯಾಯಾಮ ಮಾಡಿಸಿದ್ದರು (2003). ಕೈಕಾಲಿನ ಸಣ್ಣ ಕೀಲುಗಳ ಎಕ್ಸ್‌ರೇ ಇತರರಿಗಿಂತ ಕೆಟ್ಟಿರಲಿಲ್ಲ. ಮಂಡಿ, ಸೊಂಟ, ಭುಜದಂಥ ದೊಡ್ಡ ಕೀಲುಗಳು ಮೊದಲೇ ಹಾಳಾಗಿದ್ದವರಲ್ಲಿ ಮಾತ್ರ ಸವೆತ ಸ್ವಲ್ಪ ಹೆಚ್ಚಿತ್ತು. ಅಂಥವರು ಜಿಗಿತ, ಓಟ ಬಿಟ್ಟು ಸೈಕಲ್, ನೀರು ಆರಿಸಿಕೊಳ್ಳಲಿ.

ಇನ್ನು ಸೂರ್ಯನಮಸ್ಕಾರ. ಅಂಗೈ ಊರಿ ಮೈಭಾರ ಬಿಡುವ ಭಂಗಿಗಳು ಅದರಲ್ಲಿ ಸಾಲುಸಾಲಾಗಿ ಬರುತ್ತವೆ. ಬಾತ ಮಣಿಕಟ್ಟಿಗೆ ಅದು ಆಗದು. ಮುಷ್ಟಿ ಊರಿದರೆ ಭಾರ ಗೆಣ್ಣಿಗೆ ಹೋಗುತ್ತದೆ, ಅದೂ ಬೇಡ. ನಿಂತು ಗೋಡೆಗೆ ಮುಂಗೈ ಒರಗಿಸಿ ಅವೇ ಚಲನೆಗಳನ್ನು ಅಳವಡಿಸಿಕೊಳ್ಳಬಹುದು.

ನಿಜವಾಗಿ ಹೆದರಬೇಕಾದದ್ದು ಕುತ್ತಿಗೆಗೆ. ಆರ್‌ಎ ತಲೆಬುರುಡೆಯ ಕೆಳಗಿನ ಮೊದಲ ಎರಡು ಕಶೇರುಗಳ (ಬೆನ್ನೆಲುಬಿನ ಮಣಿಗಳ) ನಡುವಿನ ಲಿಗಮೆಂಟನ್ನೂ ಸಡಿಲ ಮಾಡಬಲ್ಲದು. ಆಗ ತಲೆ ಮುಂದಕ್ಕೆ ಬಾಗಿಸಿದರೆ ಮೂಳೆ ಜರುಗಿ ಬೆನ್ನುಹುರಿಗೆ ಒತ್ತುತ್ತದೆ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ, ಕುತ್ತಿಗೆಯನ್ನು ಗರಗರ ಸುತ್ತುವುದು, ಯಾರಾದರೂ ಕುತ್ತಿಗೆ ನೆಟಿಗೆ ತೆಗೆಯುವುದು, ಇವು ಯಾವುವೂ ಬೇಡ. ತಲೆ ಬಾಗಿಸಿದಾಗ ಬೆನ್ನಿಗೋ ಕೈಗೋ ಕರೆಂಟು ಹೊಡೆದಂತಾಗುವುದು, ಹಿಂದಲೆಯ ಬುಡದಲ್ಲಿ ನೋವು, ಕೈ ಜೋಮು, ನಡಿಗೆ ತತ್ತರಿಸುವುದು ಇದ್ದರೆ ಎಲ್ಲ ವ್ಯಾಯಾಮ ನಿಲ್ಲಿಸಿ, ಕುತ್ತಿಗೆ ಬಾಗಿಸಿ, ಎತ್ತಿ ತೆಗೆಯುವ ಎಕ್ಸ್‌ರೇ ಬಗ್ಗೆ ವೈದ್ಯರನ್ನು ತಕ್ಷಣ ಕೇಳಿ. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಬೆನ್ನುಮೂಳೆ ಟೊಳ್ಳಾಗಿರಬಹುದು, ಪಶ್ಚಿಮೋತ್ತಾನಾಸನದಂತೆ ಪೂರ್ತಿ ಮುಂದೆ ಬಾಗುವುದನ್ನೂ ಬಿಡಿ.

---

ಹೊಂಗೆಮರ

ಎಲ್ಲರಿಗೂ ತುಂಬಾ ಉಪಕಾರ. ಎರಡೇ ಪ್ರಶ್ನೆ ಉಳಿದಿವೆ. ಕಾಯಿಲೆ ಕೆರಳಿದ ವಾರದಲ್ಲಿ ಏನು ಮಾಡಬೇಕು? ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ಮೈ ಎತ್ತಲಾಗುವುದಿಲ್ಲ, ಆ ದಿನವೂ ಮಾಡಿಸಬೇಕೇ?

---

ಕೀಲೆಣ್ಣೆ

ಮೆಥೊಟ್ರೆಕ್ಸೇಟ್ ಮರುದಿನ ಬಲದ ವ್ಯಾಯಾಮ ಇಟ್ಟುಕೊಳ್ಳಬೇಡಿ, ಚಲನೆ ಮಾತ್ರ. ಶನಿವಾರ ಮಾತ್ರೆಯಾದರೆ ಬಲಕ್ಕೆ ಸೋಮ, ಬುಧ, ಶುಕ್ರ ಹೊಂದುತ್ತದೆ. ಓದುವ ಬೇರೆಯವರಿಗೂ ಹೇಳಿಬಿಡುತ್ತೇನೆ, ಈ ಮಾತ್ರೆ ವಾರಕ್ಕೊಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ವ್ಯಾಯಾಮದಿಂದ ಹಗುರ ಅನ್ನಿಸಿತೆಂದು ತಾವಾಗಿಯೇ ಔಷಧ ಬಿಡುವುದೂ ಕೂಡದು. ಬಾವನ್ನು ತಡೆಯುವುದು ಔಷಧ, ಸ್ನಾಯು ಕಟ್ಟುವುದು ವ್ಯಾಯಾಮ.

ಕೆರಳಿದ ವಾರದಲ್ಲಿ ಅಕ್ಕಿಚೀಲ, ಕಣಕ ಎರಡನ್ನೂ ಎತ್ತಿಡಿ. ಬಾತ ಕೀಲನ್ನು ದಿನಕ್ಕೆ ಎರಡು ಸಲ, 3ರಿಂದ 5 ಬಾರಿ, ಅದು ತಾನಾಗಿ ಹೋಗುವಷ್ಟು ದೂರ ಮೆಲ್ಲಗೆ ಆಡಿಸಿ. ಕೊನೆಯಲ್ಲಿ ಒತ್ತಿ ಎಳೆಯಬೇಡಿ, ನೀರು ತುಂಬಿದ ಕೀಲಿನ ಲಿಗಮೆಂಟು ಆಗಲೇ ಹಿಗ್ಗಿರುತ್ತದೆ. ತೊಡೆಗೆ, ಕೀಲು ಮಡಚದೆ ಸ್ನಾಯು ಮಾತ್ರ ಬಿಗಿಹಿಡಿಯುವುದು: ಕಾಲು ಚಾಚಿ ಮಂಡಿಯಡಿ ಮಡಚಿದ ಟವೆಲ್ ಇಟ್ಟು ಕೆಳಗೊತ್ತಿ 6 ಎಣಿಸಿ ಬಿಡಿ, 10 ಸಲ. ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್. ಮಂಡಿಯಡಿ ದಿಂಬು ಇಟ್ಟು ಮಲಗುವುದು ಹಿತ ಅನ್ನಿಸುತ್ತದೆ, ಆದರೆ ಮಂಡಿ ಬಾಗಿದಲ್ಲೇ ಗಟ್ಟಿಯಾಗುತ್ತದೆ. ಬೇಡ. ಊತ ಇಳಿದ ಮೇಲೆ ನಿಲ್ಲಿಸಿದ ಜಾಗದಿಂದಲ್ಲ, ಅದರ ಅರ್ಧದಿಂದ ಶುರು ಮಾಡಿ.

ಕೀಲಿನೊಳಗೆ ಇಂಜೆಕ್ಷನ್ ಕೊಟ್ಟಿದ್ದರೆ ಮೊದಲ 1–2 ದಿನ ಆ ಕೀಲಿಗೆ ಭಾರದ ಕೆಲಸ ಬೇಡ.

ಕೆಲವು ಸಂಗತಿಗಳನ್ನು ಕಾಯಿಲೆ ಕೆರಳಿದ್ದು ಎಂದುಕೊಂಡು ಮನೆಯಲ್ಲೇ ಕಾಯಬಾರದು. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಬಾತು ಜ್ವರ ಬಂದರೆ ಕೀಲಿನೊಳಗೆ ಕೀವು ಇರಬಹುದು, ಅದೇ ದಿನ ಆಸ್ಪತ್ರೆಗೆ. ಮೀನಖಂಡ ಬಾತು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಮಂಡಿ ಹಿಂದಿನ ನೀರುಗುಳ್ಳೆ ಒಡೆದಿರಬಹುದು, ರಕ್ತ ಹೆಪ್ಪುಗಟ್ಟಿರಲೂಬಹುದು, ಸ್ಕ್ಯಾನ್ ಮಾಡಿದರೇ ಗೊತ್ತಾಗುವುದು. ಹೊಸದಾಗಿ ಒಣಕೆಮ್ಮು, ನಡೆದರೆ ಏದುಸಿರು ಬಂದರೆ ವ್ಯಾಯಾಮ ಸಾಲದು ಎಂದುಕೊಳ್ಳದೆ ಶ್ವಾಸಕೋಶ ನೋಡಿಸಿ.

ಕೊನೆಯದು ಈ ಕೈಗೇ ಸಂಬಂಧಿಸಿದ್ದು. ಬೆಳಗ್ಗೆ ಎದ್ದಾಗ ಕಿರುಬೆರಳೋ ಉಂಗುರಬೆರಳೋ ಜೋತುಬಿದ್ದು, ತಾನಾಗಿ ನೆಟ್ಟಗಾಗದೆ, ಇನ್ನೊಂದು ಕೈಯಿಂದ ಎತ್ತಿದರೆ ಸಲೀಸಾಗಿ ಏಳುತ್ತಿದ್ದರೆ, ಮಣಿಕಟ್ಟಿನ ಮೇಲೆ ಟೆಂಡನ್ ತುಂಡಾಗಿರುವ ಸಾಧ್ಯತೆ ಇದೆ. ನೋವು ಇರದೆಯೂ ಹೀಗಾಗುತ್ತದೆ, ಅದಕ್ಕೇ ಜನ ತಿಂಗಳುಗಟ್ಟಲೆ ಬಿಟ್ಟುಬಿಡುತ್ತಾರೆ. ವ್ಯಾಯಾಮದಿಂದ ಅದು ಕೂಡುವುದಿಲ್ಲ, ತಡಮಾಡಿದರೆ ಪಕ್ಕದ ಬೆರಳಿನದೂ ಸವೆದು ಹರಿಯುತ್ತದೆ. ಆ ವಾರದಲ್ಲೇ ಕೈ ಶಸ್ತ್ರಚಿಕಿತ್ಸಕರಿಗೆ ತೋರಿಸಿ.